ಲಕ್ಕಮ್ಮನ ಅಳತೆ



ಈ ಉಪನ್ಯಾಸದ ದತ್ತಿ ಸ್ಥಾಪಿಸಿದ ತಾಯಿಯವರು ತಮ್ಮ ಹೆಸರನ್ನು ವೇದಿಕೆಯಿಂದ ಹೇಳಕೂಡದೆಂದು ಕೇಳಿಕೊಂಡಿದ್ದಾರೆ. ಅವರು ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಇಪ್ಪತ್ತೇಳು ವರ್ಷ ಲೆಕ್ಕ ಬರೆದು ನಿವೃತ್ತರಾದವರು. ಅಷ್ಟನ್ನು ಹೇಳಲು ಮಾತ್ರ ನನಗೆ ಒಪ್ಪಿಗೆ ಸಿಕ್ಕಿದೆ. ತಮ್ಮ ಭವಿಷ್ಯನಿಧಿಯ ಒಂದು ಪಾಲನ್ನು ಇಲ್ಲಿಟ್ಟು ಒಂದೇ ಷರತ್ತು ಹಾಕಿದ್ದಾರೆ. ಸಮಾಜಸೇವೆಯ ಹಿರಿಮೆಯ ಮೇಲೆ ಭಾಷಣ ಬೇಡ, ಆ ಕೆಲಸ ಮಾಡುವ ಮನುಷ್ಯರ ಬಗ್ಗೆ ಮಾತಾಡಿ ಎಂದಿದ್ದಾರೆ. ರಾಯಚೂರು, ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ಮೊದಲು ಸೈಕಲ್ ತುಳಿದು, ಆಮೇಲೆ ಸಂಯೋಜಕನಾಗಿ, ಕೊನೆಗೆ ಸಂಸ್ಥೆಯೊಂದರ ಹೊಣೆ ಹೊತ್ತು ಮೂವತ್ತೊಂದು ವರ್ಷ ಕಳೆದ ನನಗೆ ಇದಕ್ಕಿಂತ ಹತ್ತಿರದ ವಿಷಯ ಬೇರೆ ಇಲ್ಲ.

‘ಬರ್ನ್‌ಔಟ್’ ಎಂಬ ಮಾತಿಗೆ ಕನ್ನಡದಲ್ಲಿ ಏನನ್ನಬೇಕೆಂದು ಬಹಳ ದಿನ ಹುಡುಕಿದೆ. ಸುಸ್ತು, ಆಯಾಸ, ದಣಿವು ಯಾವುದೂ ಸಾಲಲಿಲ್ಲ. ದಣಿವಿಗೆ ಒಂದು ಸುಖವಿದೆ. ಶೇಂಗಾ ಕಿತ್ತು ಮನೆಗೆ ಬಂದವರು ಕೈಕಾಲು ತೊಳೆದು, ಬಿಸಿ ರೊಟ್ಟಿ ತಿಂದು ಮಲಗಿದರೆ ಬೆಳಿಗ್ಗೆಗೆ ದಣಿವು ಇಳಿದಿರುತ್ತದೆ. ನಾನು ಹೇಳಹೊರಟಿರುವುದು ನಿದ್ದೆಗೆ ಇಳಿಯದ, ರಜೆಗೆ ಬಗ್ಗದ ಸ್ಥಿತಿ. ನಮ್ಮ ಕಡೆ ಹೆಂಗಸರು ಒಬ್ಬರನ್ನೊಬ್ಬರು ನೋಡಿ ‘ಬಸವಳಿದಾಳ’ ಅನ್ನುತ್ತಾರೆ. ಮೈಯ ಜೊತೆಗೆ ಮನಸ್ಸಿನ ಕಸುವೂ ಸೋರಿಹೋದಾಗ ಆಡುವ ಮಾತು ಅದು. ಬಸವಳಿಕೆ ಎಂಬ ಆ ಮಾತನ್ನೇ ಇವತ್ತು ಬಳಸುತ್ತೇನೆ.

ಈ ಸ್ಥಿತಿಗೆ ವೈದ್ಯಕೀಯ ಬರಹದಲ್ಲಿ ಹೆಸರು ಬಿದ್ದದ್ದು ನಮ್ಮಂಥದೇ ಒಂದು ಜಾಗದಲ್ಲಿ ಎಂಬುದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ಕಂಪನಿಯ ಮ್ಯಾನೇಜರುಗಳನ್ನು ನೋಡಿ ಯಾರೋ ಕಟ್ಟಿದ ಮಾತಿರಬೇಕು ಅಂದುಕೊಂಡಿದ್ದೆ. ಹಾಗಲ್ಲ. ನ್ಯೂಯಾರ್ಕ್ ನಗರದ ಈಸ್ಟ್ ವಿಲೇಜ್ ಎಂಬ ಬಡ ಕೇರಿಯಲ್ಲಿ, ಮಾದಕ ವ್ಯಸನಕ್ಕೆ ಬಿದ್ದ ಯುವಕರಿಗಾಗಿ ಸ್ವಯಂಸೇವಕರು ನಡೆಸುತ್ತಿದ್ದ ಉಚಿತ ಚಿಕಿತ್ಸಾಲಯವೊಂದಿತ್ತು. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ ಹಗಲು ತಮ್ಮ ಸ್ವಂತ ವೃತ್ತಿ ಮುಗಿಸಿ, ರಾತ್ರಿ ಅಲ್ಲಿ ಬಂದು ದುಡಿಯುತ್ತಿದ್ದರು. ಉತ್ಸಾಹದಿಂದ ಬಂದ ಸ್ವಯಂಸೇವಕರು ಸುಮಾರು ಒಂದು ವರ್ಷದಲ್ಲಿ ಸಿಡುಕುವುದನ್ನು, ಮಂಕಾಗುವುದನ್ನು, ತಲೆನೋವು, ನಿದ್ದೆಗೇಡು ಅಂಟಿಸಿಕೊಳ್ಳುವುದನ್ನು ಕಂಡರು. ತಾವೂ ಅದೇ ಕುಳಿಗೆ ಬಿದ್ದರು. 1974ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯೊಂದಿದೆ. ಬೇಗ ಬಸವಳಿಯುವವರು ಸೋಮಾರಿಗಳಲ್ಲ, ಹೆಚ್ಚು ನಿಷ್ಠೆಯಿಂದ ತೊಡಗಿಕೊಂಡವರು ಎಂದು ಅವರು ಕಂಡುಕೊಂಡಿದ್ದರು. ಅವರು ಸೂಚಿಸಿದ ಉಪಾಯಗಳಲ್ಲಿ ಕಠಿಣ ಕೆಲಸಕ್ಕೆ ಪದೇಪದೇ ಒಬ್ಬರನ್ನೇ ಕಳಿಸಬೇಡಿ, ಗಂಟೆಗಳಿಗೆ ಮಿತಿ ಹಾಕಿ, ಬಿಡುವು ಕೊಡಿ ಎಂಬಂಥವೇ ಹೆಚ್ಚು. ಅವೆಲ್ಲ ಸಂಸ್ಥೆ ಮಾಡಬೇಕಾದವು. ಐವತ್ತು ವರ್ಷ ದಾಟಿದೆ. ನಾವು ಇನ್ನೂ ಕಾರ್ಯಕರ್ತೆಗೆ ಉಸಿರಾಟದ ವ್ಯಾಯಾಮ ಹೇಳಿಕೊಡುತ್ತಿದ್ದೇವೆ.

ಮುಂದೆ ಕ್ಯಾಲಿಫೋರ್ನಿಯಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಇದನ್ನು ಅಳೆಯುವ ವಿಧಾನವನ್ನು 1981ರಲ್ಲಿ ಸಹೋದ್ಯೋಗಿಯೊಡನೆ ರೂಪಿಸಿದರು. ಅವರು ಗುರುತಿಸಿದ ಲಕ್ಷಣಗಳು ಮೂರು. ಭಾವನೆಯ ಕೊಡ ಬರಿದಾಗುವುದು, ಎದುರಿನ ಮನುಷ್ಯ ಮನುಷ್ಯನಾಗಿ ಕಾಣದೆ ಹೋಗುವುದು, ನನ್ನಿಂದ ಏನೂ ಆಗಲಿಲ್ಲ ಎಂಬ ಭಾವ ಬೇರೂರುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಬಸವಳಿಕೆಯನ್ನು ಸೇರಿಸುವಾಗ, ಇದು ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಎಚ್ಚರದಿಂದ ಬರೆಯಿತು. ಕೆಲಸದ ಜಾಗದಲ್ಲಿ ದೀರ್ಘಕಾಲ ಇದ್ದು ಸರಿಯಾಗಿ ನಿಭಾಯಿಸದೆ ಬಿಟ್ಟ ಒತ್ತಡದಿಂದ ಬರುವಂಥದು ಎಂದಿತು. ಅಂದರೆ ಕಾರಣ ಹುಡುಕಬೇಕಾದದ್ದು ಮೊದಲು ಕೆಲಸದ ಜಾಗದಲ್ಲಿ.

ಮೂರು ಲಕ್ಷಣಗಳಲ್ಲಿ ನಡುವಿನದು ನನ್ನನ್ನು ಬಹಳ ಕಾಡಿದೆ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಮೂರನೆಯದನ್ನು ಜನ ಒಂದಲ್ಲ ಒಂದು ದಿನ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ನಡುವಿನದು ಭಾಷೆಯೊಳಗೆ ಮೆಲ್ಲಗೆ ನುಸುಳುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಕಾರ್ಯಕರ್ತೆ ‘ಹಳ್ಳದ ಆಚೆ ಮನಿ ದುರುಗಮ್ಮ, ಮೂರು ಮಕ್ಕಳ ತಾಯಿ’ ಎಂದು ವರದಿ ಮಾಡುತ್ತಾಳೆ. ಎರಡು ವರ್ಷದಲ್ಲಿ ಅದು ‘ವಿಧವಾ ಪಿಂಚಣಿ ಕೇಸು’ ಆಗುತ್ತದೆ. ನಾಲ್ಕನೆಯ ವರ್ಷಕ್ಕೆ ‘ಆ ಊರಿನವರು ಅಷ್ಟೇ ಬಿಡ್ರಿ ಸರ್, ಎಷ್ಟ್ ಹೇಳಿದ್ರೂ ಇಷ್ಟ’ ಎನ್ನುತ್ತಾಳೆ. ಅವಳು ಕೆಟ್ಟವಳಾಗಲಿಲ್ಲ. ದಿನಕ್ಕೆ ಹದಿನೈದು ದುಃಖಗಳನ್ನು ಒಬ್ಬಳೇ ಕೇಳಬೇಕಾದ ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಬಾಗಿಲು ಹಾಕಿಕೊಂಡಿತು. ತಿಂಗಳ ಸಭೆಯಲ್ಲಿ ನಾವು ಅಂಕಿ ಕೇಳುತ್ತೇವೆ, ಆ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಂಡರೂ ‘ಧೋರಣೆ ಬದಲಾಯಿಸಿಕೊಳ್ಳಿ’ ಎಂದು ಗದರುತ್ತೇವೆ.

ಹೀಗೆ ಗದರುವಾಗ ನಮ್ಮ ಕೈಗೆ ಸುಲಭವಾಗಿ ಸಿಗುವ ಮಾತು ಕಾಯಕ. ಕನ್ನಡ ನಾಡಿನ ಸ್ವಯಂಸೇವಾ ಸಂಸ್ಥೆಗಳ ಗೋಡೆಗಳ ಮೇಲೆ ಈ ಪದ ಬರೆಯದ ಕಚೇರಿ ಕಡಿಮೆ. ನಾನೂ ಬರೆಸಿದ್ದೆ. ಆದರೆ ಕಾಯಕದ ಪರಂಪರೆಯಲ್ಲೇ ಇರುವ ಒಂದು ಪ್ರಸಂಗವನ್ನು ಗೋಡೆಗೆ ಬರೆಸಲು ನನಗೆ ಹೊಳೆಯಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳು. ನಾವು ಈ ಕಥೆಯನ್ನು ದುರಾಸೆಯ ವಿರುದ್ಧದ ಪಾಠವೆಂದಷ್ಟೇ ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ನನಗೆ ಈಗ ಅದು ಬೇರೆಯಾಗಿ ಕೇಳಿಸುತ್ತದೆ. ಕಾಯಕಕ್ಕೂ ದಿನದ ಒಂದು ಅಳತೆಯಿದೆ, ಆ ಅಳತೆ ಮೀರಿದ್ದು ಪುಣ್ಯವಾಗುವುದಿಲ್ಲ ಎಂದು ಗಂಡನಿಗೆ ನೆನಪಿಸಿದ ಹೆಣ್ಣು ಅವಳು. ಮಿತಿಯನ್ನು ಕಂಡು ಹೇಳುವ ಇನ್ನೊಬ್ಬರು ಮಾರಯ್ಯನ ಮನೆಯಲ್ಲಿದ್ದರು. ನಮ್ಮ ಸಂಸ್ಥೆಗಳಲ್ಲಿ ಲಕ್ಕಮ್ಮನ ಜಾಗ ಖಾಲಿ ಇದೆ. ಹೆಚ್ಚು ಆಯ್ದು ತಂದವರಿಗೆ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸುತ್ತೇವೆ.

ಗಾಂಧೀಜಿಯ ಹೆಸರು ಹೇಳಿಯೂ ಕಾರ್ಯಕರ್ತರಿಂದ ರಾತ್ರಿ ಹಗಲು ದುಡಿಸಿದ್ದೇವೆ. ಆದರೆ ಗಾಂಧೀಜಿಯ ಬದುಕಿನ ಒಂದು ಅಧ್ಯಾಯ ನಮ್ಮ ರಾಜ್ಯದಲ್ಲೇ ನಡೆಯಿತು. 1927ರಲ್ಲಿ ಖಾದಿ ಪ್ರವಾಸದಲ್ಲಿದ್ದಾಗ ರಕ್ತದೊತ್ತಡ ಏರಿ ಅವರು ಕುಸಿದರು. ಅತಿಯಾದ ದುಡಿಮೆಯೇ ಕಾರಣವೆಂದು ವೈದ್ಯರು ಹೇಳಿ ಪ್ರವಾಸ ನಿಲ್ಲಿಸಿದರು. ಏಪ್ರಿಲ್‌ನಲ್ಲಿ ಅವರನ್ನು ನಂದಿಬೆಟ್ಟಕ್ಕೆ ಕರೆತಂದರು. ಅಲ್ಲಿ ಸುಮಾರು ಒಂದೂವರೆ ತಿಂಗಳು, ಆಮೇಲೆ ಬೆಂಗಳೂರಿನ ಕುಮಾರಕೃಪಾ ಪ್ರದೇಶದಲ್ಲಿ ಮತ್ತಷ್ಟು ಕಾಲ ಅವರು ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೊಮ್ಮೆ ನಂದಿಬೆಟ್ಟಕ್ಕೇ ಬಂದರು. ವಾರಕ್ಕೊಂದು ದಿನ, ಸೋಮವಾರ, ಅವರು ಮೌನದಲ್ಲಿರುತ್ತಿದ್ದರು ಎಂಬುದೂ ನಮಗೆಲ್ಲ ಗೊತ್ತು. ಸ್ವಾತಂತ್ರ್ಯ ಚಳವಳಿ ಅವರ ವಿಶ್ರಾಂತಿಯಿಂದ ನಿಂತುಹೋಗಲಿಲ್ಲ. ನಂದಿಬೆಟ್ಟದಲ್ಲಿ ಅವರು ತಂಗಿದ್ದ ಮನೆಯನ್ನು ನೋಡುವಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಕುಷ್ಟಗಿ ತಾಲ್ಲೂಕಿನ ಹನ್ನೆರಡು ಹಳ್ಳಿ ಸುತ್ತುವ ಹೆಣ್ಣುಮಗಳು ಕುಸಿದರೆ ಅವಳ ಬೆಟ್ಟ ಯಾವುದು?

ಈ ಪ್ರಶ್ನೆಗೆ ಉತ್ತರ ಸಿಗದಿರಲು ನಾವು ಬಳಸುವ ಕೆಲವು ಪದಗಳೂ ಕಾರಣ. ಸೇವೆ ಅಂದಮೇಲೆ ಸಂಬಳದ ಮಾತು ಎತ್ತುವವರು ಸಣ್ಣವರಾಗುತ್ತಾರೆ. ಗೌರವಧನ ಅಂದಮೇಲೆ ಅದು ಹಕ್ಕಾಗುವುದಿಲ್ಲ, ಕೊಟ್ಟವರ ದೊಡ್ಡತನವಾಗುತ್ತದೆ. ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ, ಕೊರೊನಾ ಸೋಂಕಿನ ನಡುವೆಯೇ ಮುಷ್ಕರಕ್ಕೆ ಇಳಿದು ತಿಂಗಳಿಗೆ 12,000 ರೂಪಾಯಿ ಕೇಳಿದಾಗ, ಈ ಹೊತ್ತಿನಲ್ಲಿ ಇದು ಬೇಕಿತ್ತೆ ಎಂದು ಕೇಳಿದ ಸಂಭಾವಿತರನ್ನು ನಾನು ಬಲ್ಲೆ. ಇನ್ನೊಂದು ಮಾತು ‘ನಮ್ಮದು ಒಂದು ಕುಟುಂಬ.’ ಕುಟುಂಬದಲ್ಲಿ ಓವರ್‌ಟೈಮ್ ಇಲ್ಲ, ದೂರು ಸಮಿತಿ ಇಲ್ಲ, ರಾತ್ರಿ ಹತ್ತಕ್ಕೆ ಫೋನ್ ಮಾಡಬೇಡಿ ಎನ್ನಲು ಆಗುವುದಿಲ್ಲ. ನಾನು ಈ ಮಾತನ್ನು ನಿಜವಾದ ಪ್ರೀತಿಯಿಂದಲೇ ಎಷ್ಟೋ ಸಲ ಹೇಳಿದ್ದೇನೆ. ಪ್ರಾಜೆಕ್ಟ್ ಮುಗಿದು ಹಣ ನಿಂತ ದಿನ ಆ ಕುಟುಂಬದಿಂದ ಯಾರ್ಯಾರನ್ನು ಮನೆಗೆ ಕಳಿಸಬೇಕೆಂಬ ಪಟ್ಟಿಯನ್ನು ನಾನೇ ಮಾಡಿದ್ದೇನೆ. ಆಮೇಲೆ ಆ ಮಾತು ನನ್ನ ಬಾಯಿಂದ ಬಂದಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಲೆಕ್ಕ ಬರೆದವರ ದತ್ತಿಯಲ್ಲಿ ಅದನ್ನು ಬಿಟ್ಟು ಮಾತಾಡುವುದು ತಪ್ಪು.

ಹೊರದೇಶದ ನೆರವು ಪಡೆಯುವ ಸಂಸ್ಥೆಗಳು ಅದರಲ್ಲಿ ಶೇ. 50ರವರೆಗೆ ಆಡಳಿತ ವೆಚ್ಚಕ್ಕೆ ಬಳಸಬಹುದಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಆದ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ತಿದ್ದುಪಡಿ ಅದನ್ನು ಶೇ. 20ಕ್ಕೆ ಇಳಿಸಿತು. ಹಳ್ಳಿಯಲ್ಲಿ ತರಬೇತಿ ಕೊಡುವವರ ಸಂಬಳ ಈ ಮಿತಿಯೊಳಗೆ ಬರುವುದಿಲ್ಲ, ನಿಜ. ಆದರೆ ಲೆಕ್ಕ ಬರೆಯುವ ಖರ್ಚು, ಕಚೇರಿಯ ಬಾಡಿಗೆ, ವರದಿ ಬರೆದು ಸಲ್ಲಿಸುವ ವೆಚ್ಚ ಬರುತ್ತವೆ. ಪರಿಣಾಮ ನೇರವಾಗಿತ್ತು. ಮೂವರು ಮಾಡುತ್ತಿದ್ದ ಕಚೇರಿ ಕೆಲಸ ಒಬ್ಬರ ಮೇಜಿಗೆ ಬಂತು, ಮಿಕ್ಕದ್ದು ಕ್ಷೇತ್ರ ಕಾರ್ಯಕರ್ತೆಯ ಮೊಬೈಲಿಗೆ ಇಳಿಯಿತು. ಅದೇ ತಿದ್ದುಪಡಿ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೂ ನಿಲ್ಲಿಸಿತು. ದೊಡ್ಡ ಸಂಸ್ಥೆಯ ನೆರಳಲ್ಲಿ ತಾಲ್ಲೂಕು ಮಟ್ಟದಲ್ಲಿ ಬದುಕಿದ್ದ ಪುಟ್ಟ ಗುಂಪುಗಳಿಗೆ ಇದು ದೊಡ್ಡ ಪೆಟ್ಟು. ಲಾಕ್‌ಡೌನಿನಲ್ಲಿ ಮನೆಮನೆಗೆ ರೇಷನ್ ಕಿಟ್ ಹೊತ್ತವರೇ ಆ ವರ್ಷದ ಕೊನೆಗೆ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕೂತಿದ್ದರು.

ಕಂಪನಿಗಳ ಹಣದ ಕಥೆ ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಕನಿಷ್ಠ ಶೇ. 2ನ್ನು ಸಮಾಜದ ಕೆಲಸಕ್ಕೆ ಕೊಡಬೇಕೆನ್ನುತ್ತದೆ. ಅದರಿಂದ ಒಳ್ಳೆಯದಾಗಿದೆ, ನಮ್ಮ ಶಾಲೆಗಳಿಗೆ ಶೌಚಾಲಯಗಳು ಬಂದಿವೆ. ನಿಯಮದಲ್ಲಿರುವ ಶೇ. 5ರ ಮಿತಿ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ. ಆದರೂ ನಾನು ಕೂತ ಹಲವು ಮಾತುಕತೆಗಳಲ್ಲಿ ಅದೇ ಅಂಕಿಯನ್ನು ನಮ್ಮ ಬಜೆಟ್ಟಿನ ಮೇಲೂ ಹೊರಿಸಿದರು. ನಾವು ತಲೆಯಾಡಿಸಿದೆವು. ಇಬ್ಬರು ಕಾರ್ಯಕರ್ತೆಯರ ಜಾಗಕ್ಕೆ ಒಬ್ಬಳನ್ನು ತೋರಿಸಿ, ಹನ್ನೊಂದು ತಿಂಗಳ ಒಪ್ಪಂದ ಬರೆದು, ಪೆಟ್ರೋಲಿನ ದರ ಹಳೆಯದೇ ಹಾಕಿ, ಇಷ್ಟರಲ್ಲೇ ಮಾಡುತ್ತೇವೆ ಎಂದು ಸಹಿ ಹಾಕಿದೆವು. ಹಣ ಕೊಡುವವರು ಆಡಳಿತ ವೆಚ್ಚಕ್ಕೆ ಅವಾಸ್ತವ ಮಿತಿ ಹಾಕುವುದು, ಸಂಸ್ಥೆಗಳು ಆ ಮಿತಿಗೆ ತಕ್ಕಂತೆ ಖರ್ಚನ್ನು ಮುಚ್ಚಿ ತೋರಿಸುವುದು, ಅದನ್ನೇ ನಂಬಿ ಮುಂದಿನ ಸಲ ಇನ್ನೂ ಕಡಿಮೆ ಕೊಡುವುದು, ಈ ಸುತ್ತನ್ನು ಅಮೆರಿಕದ ಇಬ್ಬರು ಲೇಖಕರು 2009ರಲ್ಲೇ ‘ಉಪವಾಸದ ಚಕ್ರ’ ಎಂದು ಕರೆದಿದ್ದರು. ಕಾಣದೆ ಹೋದ ಖರ್ಚನ್ನು ಯಾರೋ ತುಂಬಲೇಬೇಕು. ಬಸ್ಸು ಸಿಗದ ದಿನ ಏಳು ಕಿಲೋಮೀಟರ್ ನಡೆದವಳು ತುಂಬುತ್ತಾಳೆ. ಭಾನುವಾರ ಕೂತು ಮೂರು ದಾನಿಗಳಿಗೆ ಮೂರು ನಮೂನೆಯಲ್ಲಿ ಒಂದೇ ವರದಿ ಬರೆದವರು ತುಂಬುತ್ತಾರೆ. ಅದಕ್ಕೇ ನಾನು ಬಸವಳಿಕೆ ಮೊದಲು ಕಾಣಿಸಿಕೊಳ್ಳುವುದು ಬಜೆಟ್ ಹಾಳೆಯಲ್ಲಿ ಎನ್ನುತ್ತೇನೆ. ಕಾರ್ಯಕರ್ತೆಯ ಮುಖದಲ್ಲಿ ಅದು ಕಾಣುವುದು ಎರಡು ವರ್ಷ ತಡವಾಗಿ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಮ್ಮ ತಂಡದ ಹೆಣ್ಣುಮಗಳೊಬ್ಬಳು ಒಂದು ಬಾಲ್ಯವಿವಾಹ ತಡೆದಿದ್ದಳು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅಧಿಕಾರಿಗಳನ್ನು ಕರೆಸಿ, ಹುಡುಗಿಯನ್ನು ಹಾಸ್ಟೆಲಿಗೆ ಸೇರಿಸಿದ್ದಳು. ಊರಿನವರು ಅವಳ ಮೇಲೆ ಕಲ್ಲೆಸೆದಿದ್ದರು. ಮರುವರ್ಷ ಜಾತ್ರೆಗೆಂದು ಮನೆಗೆ ಹೋದ ಹುಡುಗಿಯನ್ನು ಬೇರೆ ಊರಿಗೆ ಒಯ್ದು ಗುಟ್ಟಾಗಿ ಮದುವೆ ಮಾಡಿದರು. ಮೊದಲ ಹೆರಿಗೆಯಲ್ಲಿ ಆ ಹುಡುಗಿ ತೀರಿಕೊಂಡಳು. ಸುದ್ದಿ ಬಂದದ್ದು ಶನಿವಾರ. ಸೋಮವಾರದ ಸಭೆಯಲ್ಲಿ ನಾನು ಎರಡು ನಿಮಿಷ ಮೌನ ಆಚರಿಸಿ, ತಿಂಗಳ ಕೊನೆಯೊಳಗೆ ಆ ಪ್ರಕರಣದ ಅಧ್ಯಯನ ವರದಿಯನ್ನು ಹಳೆಯ ಫೋಟೊ ಸಮೇತ ಕೊಡು, ದಾನಿಗಳಿಗೆ ಕಳಿಸಬೇಕು ಎಂದೆ. ಅವಳು ಬರೆದು ಕೊಟ್ಟಳು. ಅಕ್ಷರ ಎಂದಿನಂತೆ ದುಂಡಗಿತ್ತು. ಆಮೇಲೆ ಅವಳು ಸಭೆಗಳಲ್ಲಿ ಮಾತಾಡುವುದನ್ನು ಬಿಟ್ಟಳು. ಗುರಿ ಮುಟ್ಟುತ್ತಿದ್ದಳು, ಹಾಗಾಗಿ ನನಗೆ ತೊಂದರೆ ಕಾಣಲಿಲ್ಲ. ಮೂರು ತಿಂಗಳಿಗೆ ರಾಜೀನಾಮೆ ಬಂತು. ಕಾರಣದ ಸಾಲಿನಲ್ಲಿ ‘ವೈಯಕ್ತಿಕ’ ಎಂದಿತ್ತು.

ಅನಂತರ ನಾನು ಹಳೆಯ ರಾಜೀನಾಮೆಗಳ ಕಡತ ತೆಗೆದು ಕೂತು ಓದಿದೆ. ಬಹುಪಾಲು ಪತ್ರಗಳಲ್ಲಿ ಅದೇ ಪದ. ಬರೆದವರ ಮುಖಗಳನ್ನು ಒಂದೊಂದಾಗಿ ನೆನೆದೆ. ಅವುಗಳಲ್ಲಿ ವೈಯಕ್ತಿಕವಾಗಿದ್ದದ್ದು ತೀರ ಕಡಿಮೆ. ಒಬ್ಬಳನ್ನು ಒಂದೇ ವರ್ಷದಲ್ಲಿ ಮೂರು ಪ್ರಾಜೆಕ್ಟಿಗೆ ಎಳೆದಾಡಿದ್ದೆವು. ಒಬ್ಬನಿಗೆ ನಾಲ್ಕು ತಿಂಗಳ ಸಂಬಳ ತಡವಾಗಿತ್ತು, ಅವನು ಮಾತ್ರ ಸ್ವಸಹಾಯ ಸಂಘಗಳಿಗೆ ಉಳಿತಾಯದ ಪಾಠ ಹೇಳುತ್ತಿದ್ದ. ಇನ್ನೊಬ್ಬರು ಹತ್ತು ವರ್ಷ ದುಡಿದಿದ್ದರೂ ಒಂದು ತೀರ್ಮಾನದಲ್ಲೂ ಅವರನ್ನು ಕೇಳಿರಲಿಲ್ಲ. ಮ್ಯಾಸ್ಲಾಕ್ ಮತ್ತು ಮೈಕೇಲ್ ಲೈಟರ್ 1997ರ ತಮ್ಮ ಪುಸ್ತಕದಲ್ಲಿ ಬಸವಳಿಕೆಯ ಬೇರುಗಳನ್ನು ಹೇಳುವಾಗ ಕೆಲಸದ ಹೊರೆಯ ಜೊತೆಗೆ ತನ್ನ ಕೆಲಸದ ಮೇಲಿನ ಹಿಡಿತ, ಪ್ರತಿಫಲ, ಜೊತೆಗಾರಿಕೆ, ನ್ಯಾಯ, ಮೌಲ್ಯ ಇಷ್ಟನ್ನೂ ಸೇರಿಸಿದ್ದಾರೆ. ನನಗೆ ಆ ಪುಸ್ತಕದ ಅಧ್ಯಾಯಗಳು ನಮ್ಮ ಕಡತದಲ್ಲೇ ಸಿಕ್ಕವು.

ಹಾಗಾದರೆ ಏನು ಮಾಡಿದಿರಿ ಎಂದು ಕೇಳುತ್ತೀರಿ. ದೊಡ್ಡದೇನೂ ಅಲ್ಲ, ಕೆಲವು ಉಳಿದವು, ಕೆಲವು ಬಿದ್ದುಹೋದವು. ಮೊದಲು ಒಂದು ನಿಯಮ ಮಾಡಿದೆವು. ಸಾವು, ಹಿಂಸೆ, ಮಕ್ಕಳ ರಕ್ಷಣೆಯಂಥ ಪ್ರಕರಣಕ್ಕೆ ಒಬ್ಬರೇ ಹೋಗಕೂಡದು, ಇಬ್ಬರು ಹೋಗಬೇಕು. ಮರುದಿನ ಇಬ್ಬರಿಗೂ ಫೀಲ್ಡ್ ಇಲ್ಲ, ಅದನ್ನು ರಜೆಯೆಂದು ಬರೆಯುವುದೂ ಇಲ್ಲ. ಖರ್ಚು ದುಪ್ಪಟ್ಟಾಯಿತು. ಒಬ್ಬ ದಾನಿ ಒಪ್ಪಲಿಲ್ಲ, ಇನ್ನೊಬ್ಬರು ಒಪ್ಪಿದರು. ಕೇಳುವ ಮೊದಲೇ ಒಪ್ಪುವುದಿಲ್ಲವೆಂದು ನಾವೇ ತೀರ್ಮಾನಿಸಿಕೊಂಡಿದ್ದೆವು ಎಂಬುದು ಆಗ ತಿಳಿಯಿತು.

ಎರಡನೆಯದಾಗಿ, ತಿಂಗಳಿಗೊಮ್ಮೆ ಅಂಕಿಯಿಲ್ಲದ ಒಂದು ಸಭೆ ಇಟ್ಟೆವು. ಅಲ್ಲಿ ನಾನು ಇರುವುದಿಲ್ಲ, ಯಾವ ಮೇಲಧಿಕಾರಿಯೂ ಇರುವುದಿಲ್ಲ. ಹೊರಗಿನ ಆಪ್ತಸಲಹೆಗಾರರೊಬ್ಬರು ಬರುತ್ತಾರೆ. ಆಡಿದ ಮಾತು ಕೋಣೆಯಿಂದ ಆಚೆ ಬರುವುದಿಲ್ಲ. ಮೊದಲ ಮೂರು ತಿಂಗಳು ಯಾರೂ ಬಾಯಿಬಿಡಲಿಲ್ಲವಂತೆ. ನಾಲ್ಕನೆಯ ತಿಂಗಳು ನಮ್ಮ ಜೀಪಿನ ಚಾಲಕ ಮಾತಾಡಿದರು. ರಾತ್ರಿ ಹೆಣ ಸಾಗಿಸಿದ, ಹೆರಿಗೆ ನೋವಿನವರನ್ನು ಜಿಲ್ಲಾಸ್ಪತ್ರೆಗೆ ಮುಟ್ಟಿಸಿದ ಮನುಷ್ಯನನ್ನು ನಾವು ಯಾವ ತರಬೇತಿಗೂ ಕರೆದಿರಲಿಲ್ಲ. ಅವರು ಹೇಳಿದ್ದೇನೆಂದು ನನಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಅವರ ಒಪ್ಪಿಗೆಯ ಮೇಲೆ ಅವರು ಮಾತಾಡಿದರೆಂಬುದನ್ನಷ್ಟೇ ಇಲ್ಲಿ ಹೇಳುತ್ತಿದ್ದೇನೆ. ತಜ್ಞರ ನೆರವು ಬೇಕಾದವರಿಗೆ ಈಗ ದಾರಿಗಳೂ ಇವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ಹಣವಿಲ್ಲ. ಅದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. ನೀವು ಹಳ್ಳಿಯವರಿಗೆ ಹಂಚುವ ಆ ಕರಪತ್ರ ನಿಮಗೂ ಸೇರಿದ್ದು ಎಂಬುದನ್ನು ಮರೆಯಬೇಡಿ.

ವರದಿಗಳನ್ನು ಕಡಿಮೆ ಮಾಡಲು ಪಟ್ಟ ಪಾಡು ಪೂರ್ತಿ ಫಲಿಸಿಲ್ಲ. ಜಿಯೋಟ್ಯಾಗ್ ಫೋಟೊ ಇಲ್ಲದೆ ಭೇಟಿ ನಡೆದಿಲ್ಲ ಎನ್ನುವ ಕಾಲ ಇದು. ಮನೆಯ ದುಃಖದ ಮುಂದೆ ಮೊಬೈಲ್ ಎತ್ತಿ ಹಿಡಿಯುವಾಗ ಕಾರ್ಯಕರ್ತೆಯ ಕೈ ನಡುಗುವುದನ್ನು ನಾನು ನೋಡಿದ್ದೇನೆ. ನಾವು ಸಾಧಿಸಿದ್ದು ಇಷ್ಟೇ. ಸಂಜೆ ಏಳರ ಮೇಲೆ ಸಂಸ್ಥೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೂ ಏನೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮೊದಲು ಈ ನಿಯಮ ಮುರಿದದ್ದು ನಾನೇ. ಆವತ್ತು ಅದನ್ನು ಗುಂಪಿನಲ್ಲೇ ತೋರಿಸಿಕೊಟ್ಟವರು ನಮ್ಮ ಲೆಕ್ಕಪತ್ರದ ಅಮ್ಮ. ಲಕ್ಕಮ್ಮನ ಜಾಗ ಅವತ್ತು ತುಂಬಿತು.

ಎಲ್ಲಕ್ಕಿಂತ ಕಷ್ಟವಾದದ್ದು ಮೀಸಲು ನಿಧಿ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಮೂರು ತಿಂಗಳ ಸಂಬಳ ನಿಲ್ಲದಂತೆ ಹಣ ಕೂಡಿಡಬೇಕೆಂದು ಹೊರಟೆವು. ದಾನಿಗಳ ಹಣದಿಂದ ಅದು ಸಾಧ್ಯವಿಲ್ಲ, ಕೊಟ್ಟ ಉದ್ದೇಶಕ್ಕೇ ಖರ್ಚಾಗಬೇಕು. ಊರಿನ ವರ್ತಕರು, ನಿವೃತ್ತ ಮೇಷ್ಟ್ರುಗಳು, ನಮ್ಮಲ್ಲೇ ಕಲಿತು ಬೆಂಗಳೂರಿಗೆ ಹೋದ ಹುಡುಗರು ಕೊಟ್ಟ ಸಾವಿರ, ಎರಡು ಸಾವಿರ ಸೇರಿ ಆರು ವರ್ಷಕ್ಕೆ ಒಂದು ಮಟ್ಟಕ್ಕೆ ಬಂತು. ಇಲ್ಲಿರುವ ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ಕಳಕಳಿಯ ಮನವಿ ಇದೊಂದೇ. ಹೊಸ ಕಟ್ಟಡಕ್ಕೆ ಕಲ್ಲು ಹಾಕುವ ಮುನ್ನ ಈ ನಿಧಿಗೆ ಹಣ ಹಾಕಿ. ಮುಂದಿನ ತಿಂಗಳ ಬಾಡಿಗೆ ಹೇಗೆಂದು ತಿಳಿಯದವಳಿಗೆ ಧ್ಯಾನ ಹೇಳಿಕೊಡಲು ಹೋಗುವುದು ಅವಳಿಗೆ ಮಾಡುವ ಅವಮಾನ.

ಕೆಲಸ ಬಿಟ್ಟ ಆ ಹೆಣ್ಣುಮಗಳನ್ನು ಎರಡು ವರ್ಷದ ಮೇಲೆ ಅವಳ ಊರಿಗೆ ಹೋಗಿ ಕಂಡೆ. ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ನನ್ನ ತಪ್ಪನ್ನು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ನೀವು ಆವತ್ತು ಆ ಹುಡುಗಿ ಹೆಸರು ಕೇಳಲಿಲ್ಲ ಸರ್’ ಎಂದಳು. ವರದಿಯಲ್ಲಿ ಹೆಸರು ಬದಲಿಸಿ ಬರೆಯುವುದು ನಿಯಮ, ಅವಳು ಬದಲಿಸಿದ್ದಳು. ನಿಜವಾದ ಹೆಸರನ್ನು ನಾನು ಆ ದಿನ ಅವಳ ಮನೆಯ ಜಗುಲಿಯ ಮೇಲೆ ಕೂತು ಕೇಳಿದೆ. ಅವಳು ಹೇಳಿದಳು. ಚಹಾ ಮಾಡಿ ಕೊಟ್ಟಳು. ಕೆಲಸಕ್ಕೆ ಮರಳಿ ಬಾ ಎಂದು ನಾನು ಕೇಳಲಿಲ್ಲ.

ದತ್ತಿಯ ತಾಯಿಯವರು ಇನ್ನೊಂದು ಸೂಚನೆ ಕೊಟ್ಟಿದ್ದಾರೆ, ಅದನ್ನು ಓದಿಬಿಡುತ್ತೇನೆ. ಈ ಉಪನ್ಯಾಸ ಕೇಳಲು ಬಂದ ಕಾರ್ಯಕರ್ತರ ಇಂದಿನ ದಿನವನ್ನು ಆಯಾ ಸಂಸ್ಥೆಗಳು ಕೆಲಸದ ದಿನವೆಂದು ದಾಖಲಿಸಬೇಕು. ಬಸ್ಸಿನ ಚಾರ್ಜು ಮತ್ತು ಊಟದ ಹಣ ದತ್ತಿಯ ಬಡ್ಡಿಯಿಂದ ಕೊಡಲಾಗುತ್ತದೆ. ಓಚರುಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಅವರೇ ಅಲ್ಲಿ ಕೂತು ಕೊಡುತ್ತಾರಂತೆ. ಸಹಿ ಹಾಕದೆ ಯಾರೂ ಹೋಗಬೇಡಿ. ಸಿಂಧನೂರು, ಲಿಂಗಸುಗೂರು ಕಡೆಗೆ ಕೊನೆಯ ಬಸ್ಸು ಆರೂಕಾಲಿಗೆ. ಈಗ ಐದೂವರೆ.